ಹೊಸ್ತಿಲಾಚೆಗೆ ಹೋದ ಹುಡುಗಿ: ನಮ್ಮ ಪುಣೆಯ ಸ್ಮಿತಾ ಪಾಟೀಲ್

ಈ ಸಲದ ಸಂಚಿಕೆಗೆ ಒಬ್ಬೊಬ್ಬರು ಒಬ್ಬೊಬ್ಬ ಸಾಧಕಿಯ ಬಗ್ಗೆ ಬರೆದುಕೊಡಿ ಅಂತ ನಮ್ಮ ಮಹಿಳಾ ವೇದಿಕೆಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂದ ಅರ್ಧ ಗಂಟೆಯೊಳಗೆ ಅಕ್ಕಮಹಾದೇವಿ, ಕಿತ್ತೂರು ಚೆನ್ನಮ್ಮ, ಗಂಗೂಬಾಯಿ ಹಾನಗಲ್ ಎಲ್ಲರೂ ಬುಕ್ ಆಗಿಬಿಟ್ಟಿದ್ದರು. ಆಫೀಸಿನ ಕಾಲ್ ಮುಗಿಸಿ ತಡವಾಗಿ ಬಂದ ನಾನು ಸ್ಮಿತಾ ಪಾಟೀಲ್ ಎಂದು ಬರೆದೆ. ಹಿರಿಯರೊಬ್ಬರು, ಅವರು ನಮ್ಮ ಕನ್ನಡದವರಲ್ಲವಲ್ಲ ಎಂದು ಕೇಳಿದರು. ನಿಜ, ಅಲ್ಲ. ಆದರೆ ಅವರು ಹುಟ್ಟಿ ಬೆಳೆದದ್ದು ನಾವೆಲ್ಲ ಅನ್ನ ಹುಡುಕಿಕೊಂಡು ಬಂದ ಈ ಪುಣೆಯಲ್ಲಿ. ಕನ್ನಡದಲ್ಲೂ ಒಂದು ಚಿತ್ರ ಮಾಡಿದ್ದಾರೆ. ಅವರ ದೊಡ್ಡ ಪಾತ್ರಗಳನ್ನು ನೆನೆದರೆ ಎದುರಿಗೆ ನಿಂತಿರುವವರು ನಮ್ಮ ಗಿರೀಶ ಕಾರ್ನಾಡರು, ಇಲ್ಲವೇ ನಮ್ಮ ಅನಂತನಾಗ್. ಇಷ್ಟು ಸಾಲದೇ?

ಇನ್ನೊಂದು ಕಾರಣ ನನ್ನ ಸ್ವಂತದ್ದು. ಅದನ್ನು ಆಮೇಲೆ ಹೇಳುತ್ತೇನೆ.

ಸ್ಮಿತಾ ಹುಟ್ಟಿದ್ದು 1955ರ ಅಕ್ಟೋಬರ್ 17ರಂದು. ಮೂವರು ಹೆಣ್ಣುಮಕ್ಕಳಲ್ಲಿ ನಡುವಿನವರು. ಅಕ್ಕ ಅನಿತಾ, ತಂಗಿ ಮಾನ್ಯಾ. ತಂದೆ ಶಿವಾಜಿರಾವ್ ಪಾಟೀಲ್ ಖಾನದೇಶದ ಶಿರಪುರದ ಕಡೆಯವರು, ಸ್ವಾತಂತ್ರ್ಯ ಹೋರಾಟದಲ್ಲಿದ್ದವರು, ಸಮಾಜವಾದಿ ಚಳವಳಿಯಿಂದ ರಾಜಕಾರಣಕ್ಕೆ ಬಂದು ಮುಂದೆ ಮಹಾರಾಷ್ಟ್ರದಲ್ಲಿ ಮಂತ್ರಿಯೂ ಆದವರು. ತಾಯಿ ವಿದ್ಯಾತಾಯಿ ನರ್ಸ್. ಗಂಡ ಊರೂರು ಸುತ್ತುವ ಕಾರ್ಯಕರ್ತನಾದರೆ ಮನೆಗೆ ತಿಂಗಳ ಸಂಬಳ ಎಲ್ಲಿಂದ ಬರಬೇಕು ಹೇಳಿ. ಕೆಲಸಕ್ಕೆ ಹೋಗುವ ತಾಯಿಯನ್ನು ನೋಡುತ್ತಲೇ ಆ ಮೂರು ಹುಡುಗಿಯರು ದೊಡ್ಡವರಾದರು.

ಓದಿದ್ದು ಇಲ್ಲಿನ ರೇಣುಕಾ ಸ್ವರೂಪ್ ಶಾಲೆಯಲ್ಲಿ. ಶಾಲೆಗಿಂತ ಹೆಚ್ಚಾಗಿ ಅವರನ್ನು ರೂಪಿಸಿದ್ದು ರಾಷ್ಟ್ರ ಸೇವಾ ದಳ ಎಂದು ನನಗೆ ಅನ್ನಿಸುತ್ತದೆ. ಸಾನೆ ಗುರೂಜಿಯವರ ಹೆಸರಿನೊಂದಿಗೆ ಬೆಸೆದುಕೊಂಡ ಈ ಸಂಘಟನೆ ಮರಾಠಿ ಮನೆಗಳ ಮಕ್ಕಳಿಗೆ ಜಾತಿ ಬಿಟ್ಟು ಬೆರೆಯುವುದನ್ನು, ಹಾಡಿ ಕುಣಿದು ಊರೂರು ತಿರುಗುವುದನ್ನು ಕಲಿಸಿತು. ಅದರ ಭಾರತ ದರ್ಶನ ತಂಡದೊಂದಿಗೆ ಸ್ಮಿತಾ ದೇಶ ಸುತ್ತಿದರು. ಮುಂದೆ ಹಳ್ಳಿಯ ಹೆಂಗಸಿನ ಪಾತ್ರಕ್ಕೆ ಕುಳಿತರೆ, ಎದ್ದರೆ, ಸೊಂಟಕ್ಕೆ ಸೆರಗು ಸಿಕ್ಕಿಸಿದರೆ ಅದು ನಟನೆ ಅನ್ನಿಸದೇ ಇದ್ದುದಕ್ಕೆ ಬೇರು ಅಲ್ಲಿರಬೇಕು.

ಅವರು ಎಫ್‌ಟಿಐಐ ವಿದ್ಯಾರ್ಥಿನಿ ಎಂದು ಅನೇಕರು ಬರೆಯುತ್ತಾರೆ. ತಪ್ಪು. ಲಾ ಕಾಲೇಜ್ ರಸ್ತೆಯ ಆ ಸಂಸ್ಥೆಯಲ್ಲಿ ಅವರಿಗೆ ಗೆಳೆಯರಿದ್ದರು, ಓಡಾಟ ಇತ್ತು, ಅಷ್ಟೇ. ಅಲ್ಲಿ ಕಲಿಯುತ್ತಿದ್ದ ಅರುಣ್ ಖೋಪ್ಕರ್ 1974ರಲ್ಲಿ ಮಾಡಿದ ಡಿಪ್ಲೊಮಾ ಚಿತ್ರ ‘ತೀವ್ರ ಮಧ್ಯಮ’ದಲ್ಲಿ ನಟಿಸಿದರು. ಅದೇ ಹೊತ್ತಿಗೆ ಆ ಸಂಸ್ಥೆಯ ನಿರ್ದೇಶಕರಾಗಿ ಬಂದಿದ್ದವರು ಕಾರ್ನಾಡರು. ನೋಡಿ, ನಮ್ಮ ಧಾರವಾಡದ ಎಳೆ ಅಲ್ಲಿಂದಲೇ ಸುತ್ತಿಕೊಂಡಿದೆ.

ತಂದೆ ಮಂತ್ರಿಯಾದ ಮೇಲೆ ಮನೆ ಮುಂಬಯಿಗೆ ಹೋಯಿತು. 1972ರ ಅಕ್ಟೋಬರ್ 2ರಂದು ಮುಂಬಯಿ ದೂರದರ್ಶನ ಶುರುವಾಗಿತ್ತು. ಫೋಟೋಗ್ರಾಫರ್ ಆಗಿದ್ದ ಗೆಳತಿಯ ಗಂಡ ತೆಗೆದ ಕೆಲವು ಫೋಟೋಗಳು ಟೀವಿ ಕೇಂದ್ರದವರ ಕಣ್ಣಿಗೆ ಬಿದ್ದು ಕರೆ ಬಂತಂತೆ. ಹಾಗೆ ಸ್ಮಿತಾ ಮರಾಠಿ ವಾರ್ತೆ ಓದತೊಡಗಿದರು. ಕಪ್ಪು ಬಿಳುಪಿನ ಪುಟ್ಟ ಪರದೆ, ಎಣ್ಣೆಗಪ್ಪು ಮೈಬಣ್ಣ, ಅಗಲ ಕಣ್ಣು, ದೊಡ್ಡ ಕುಂಕುಮ, ಕೈಮಗ್ಗದ ಸೀರೆ. ಆ ಸೀರೆಯ ಗುಟ್ಟು ಈಗ ಎಲ್ಲರಿಗೂ ಗೊತ್ತು: ಜೀನ್ಸ್ ಹಾಕಿಕೊಂಡೇ ಸ್ಟುಡಿಯೋಗೆ ಓಡಿಬಂದು, ಅದರ ಮೇಲೇ ಸೀರೆ ಸುತ್ತಿಕೊಂಡು ಕ್ಯಾಮೆರಾ ಮುಂದೆ ಕೂರುತ್ತಿದ್ದರು. ಕಾಣುವುದು ಮೇಜಿನ ಮೇಲಿನ ಅರ್ಧ ಮಾತ್ರ ತಾನೇ! ಲಾಕ್‌ಡೌನ್ ದಿನಗಳಲ್ಲಿ ಮೇಲೆ ಇಸ್ತ್ರಿ ಮಾಡಿದ ಕುರ್ತಾ, ಕೆಳಗೆ ಹಳೇ ಪೈಜಾಮ ಹಾಕಿಕೊಂಡು ಕ್ಲೈಂಟ್ ಮೀಟಿಂಗಿಗೆ ಕೂತ ನಮಗೆ ಇದೇನೂ ವಿಚಿತ್ರ ಅನ್ನಿಸಬಾರದು.

ಆ ಮುಖವನ್ನು ಗುರುತಿಸಿದವರು ಶ್ಯಾಮ್ ಬೆನೆಗಲ್. ಅವರ ಧ್ವನಿಗ್ರಾಹಕ ಹಿತೇಂದ್ರ ಘೋಷ್ ಈ ಹುಡುಗಿಯ ಬಗ್ಗೆ ಹೇಳಿದ್ದರು. ಮೊದಲು ಮಕ್ಕಳ ಚಿತ್ರ ‘ಚರಣದಾಸ್ ಚೋರ್’, ಅದೇ 1975ರಲ್ಲಿ ‘ನಿಶಾಂತ್’, ಮರು ವರ್ಷ ‘ಮಂಥನ್’. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಮಾಡಿಸಿದ ಚಿತ್ರ ಅದು. ಊರಿಗೆ ಸಹಕಾರ ಸಂಘ ಕಟ್ಟಲು ಬರುವ ಪಶುವೈದ್ಯ ಡಾ. ರಾವ್ ಆಗಿ ಕಾರ್ನಾಡರು, ಅವನನ್ನು ಮೊದಲು ಅನುಮಾನದಿಂದ ನೋಡಿ ನಿಧಾನವಾಗಿ ನಂಬುವ ಬಿಂದು ಆಗಿ ಸ್ಮಿತಾ. 2024ರಲ್ಲಿ ಈ ಚಿತ್ರದ ಹೊಸದಾಗಿ ಶುದ್ಧಗೊಳಿಸಿದ ಪ್ರತಿ ಕಾನ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಬಿಂದುವಿನ ಪಾತ್ರ ಮಾಡಿದಾಗ ಅವರಿಗೆ ಇಪ್ಪತ್ತೋ ಇಪ್ಪತ್ತೊಂದೋ. ಆ ವಯಸ್ಸಿನಲ್ಲಿ ನಾನು ಇಂಜಿನಿಯರಿಂಗ್ ಲ್ಯಾಬಿನ ರೆಕಾರ್ಡ್ ಪುಸ್ತಕ ಬರೆಯುತ್ತ ಕೂತಿದ್ದೆ.

ಅವರು ದೊಡ್ಡವರೆಂದು ದೇಶಕ್ಕೆ ಗೊತ್ತಾದದ್ದು 1977ರ ‘ಭೂಮಿಕಾ’ದಿಂದ. ಮರಾಠಿ ನಟಿ ಹಂಸಾ ವಾಡ್ಕರ್ ಅವರ ಆತ್ಮಕಥೆ ‘ಸಾಂಗತ್ಯೆ ಐಕಾ’ ಈ ಚಿತ್ರಕ್ಕೆ ಆಧಾರ. ಪುಣೆಯ ಪ್ರಭಾತ್ ಕಂಪನಿಯ ‘ಸಂತ ಸಖೂ’ ಚಿತ್ರದ ಸಖೂ ಇದೇ ಹಂಸಾಬಾಯಿ; ಆ ಪ್ರಭಾತ್ ಸ್ಟುಡಿಯೋದ ಜಾಗವೇ ಇವತ್ತಿನ ಎಫ್‌ಟಿಐಐ. ಮನೆಯ ಹೊಟ್ಟೆ ಹೊರೆಯಲು ಚಿಕ್ಕಂದಿನಲ್ಲೇ ಬಣ್ಣ ಹಚ್ಚಿಕೊಂಡು, ದುಡಿದದ್ದನ್ನೆಲ್ಲ ಗಂಡನ ಕೈಗೆ ಹಾಕಿ, ತನ್ನದೆನ್ನುವ ಒಂದು ಜಾಗಕ್ಕಾಗಿ ಒಬ್ಬ ಗಂಡಸಿನಿಂದ ಇನ್ನೊಬ್ಬನ ಕಡೆ ಹೋಗುತ್ತ, ಎಲ್ಲೂ ಸಿಗದೆ ಒಂಟಿಯಾಗುವ ಹೆಣ್ಣಿನ ಕಥೆ. ಅಮೋಲ್ ಪಾಲೇಕರ್, ಅನಂತನಾಗ್, ನಾಸಿರುದ್ದೀನ್ ಶಾ, ಅಮರೀಶ್ ಪುರಿ, ಇಷ್ಟು ಜನ ಘಟಾನುಘಟಿಗಳ ನಡುವೆ ಹದಿಹರೆಯದಿಂದ ನಡುವಯಸ್ಸಿನವರೆಗೆ ಒಂದು ಇಡೀ ಬಾಳನ್ನು ಸ್ಮಿತಾ ಒಬ್ಬರೇ ಹೊತ್ತು ನಡೆದರು. ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು.

ಅಲ್ಲಿಂದ ಮುಂದಿನದು ಓಟ. ಜಬ್ಬಾರ್ ಪಟೇಲರ ಮರಾಠಿ ‘ಜೈತ್ ರೇ ಜೈತ್’ನಲ್ಲಿ ಠಾಕರ್ ಬುಡಕಟ್ಟಿನ ಹುಡುಗಿ. ಮೃಣಾಲ್ ಸೇನ್ ಅವರ ಬಂಗಾಳಿ ‘ಅಕಾಲೇರ್ ಸಂಧಾನೇ’ಯಲ್ಲಿ, 1943ರ ಬರಗಾಲದ ಸಿನಿಮಾ ಮಾಡಲು ಹಳ್ಳಿಗೆ ಬರುವ ನಟಿ; ಆ ಪಾತ್ರದ ಹೆಸರೂ ಸ್ಮಿತಾ. ಗುಜರಾತಿಯಲ್ಲಿ ‘ಭವನಿ ಭವಾಯಿ’, ತೆಲುಗಿನಲ್ಲಿ ‘ಅನುಗ್ರಹಂ’, ಮಲಯಾಳದಲ್ಲಿ ಅರವಿಂದನ್ ಅವರ ‘ಚಿದಂಬರಂ’. ಸತ್ಯಜಿತ್ ರಾಯ್ ಪ್ರೇಮಚಂದರ ಕಥೆಯನ್ನು ದೂರದರ್ಶನಕ್ಕಾಗಿ ‘ಸದ್ಗತಿ’ ಎಂದು ತೆಗೆದಾಗ, ಸೌದೆ ಸೀಳುತ್ತ ಸಾಯುವ ದಲಿತ ದುಖಿಯ ಹೆಂಡತಿ ಝುರಿಯಾ ಆದದ್ದು ಅವರೇ. ಜೀನ್ಸ್ ಮೇಲೆ ಸೀರೆ ಸುತ್ತಿ ವಾರ್ತೆ ಓದಿದ ಹುಡುಗಿ ಅದೇ ಟೀವಿಗೆ ಹೀಗೆ ಮರಳಿದರು. ಗಂಡನ ಹೆಣದ ಮುಂದೆ ಮಳೆಯಲ್ಲಿ ಅಳುವ ಆ ದೃಶ್ಯ ನೋಡಿದ ರಾತ್ರಿ ನನಗೆ ಊಟ ಸೇರಲಿಲ್ಲ.

ನಮ್ಮ ಕನ್ನಡದ ಚಿತ್ರ 1983ರ ‘ಅನ್ವೇಷಣೆ’. ಟಿ.ಎಸ್. ನಾಗಾಭರಣ ಅವರ ನಿರ್ದೇಶನ. ಜೊತೆಗೆ ಅನಂತನಾಗ್ ಮತ್ತು ಕಾರ್ನಾಡ್. ಕಲಾತ್ಮಕ ಚಿತ್ರಗಳ ರಾಣಿ ಕನ್ನಡಕ್ಕೆ ಬಂದು ಥ್ರಿಲ್ಲರ್ ಮಾಡಿದ್ದು ಒಂದು ತಮಾಷೆಯೇ. ನೋಡಿರದಿದ್ದರೆ ಹುಡುಕಿ ನೋಡಿ.

ರಬೀಂದ್ರ ಧರ್ಮರಾಜ್ ಅವರ ‘ಚಕ್ರ’ಕ್ಕೆ ಎರಡನೇ ರಾಷ್ಟ್ರಪ್ರಶಸ್ತಿ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮುಂಬಯಿಯ ಕೊಳೆಗೇರಿಯಲ್ಲಿ ಮಗನೊಂದಿಗೆ ಬದುಕುವ ಅಮ್ಮಾ ಎಂಬ ಹೆಂಗಸಿನ ಪಾತ್ರ. ಬಯಲಲ್ಲಿ ಸ್ನಾನ ಮಾಡುವ ಒಂದು ದೃಶ್ಯವಿದೆ. ಗೋಡೆ ಇಲ್ಲದವರು ಸ್ನಾನ ಮಾಡುವುದು ಹೀಗೆಯೇ, ಅಷ್ಟನ್ನೇ ಅದು ಹೇಳುವುದು. ಆದರೆ ಚಿತ್ರ ಬಿಡುಗಡೆಯಾದಾಗ ಊರ ತುಂಬ ಹೋರ್ಡಿಂಗಿನ ಮೇಲೆ ನಿಂತದ್ದು ಆ ಸ್ನಾನದ ಚಿತ್ರವೇ. ಬಡತನವನ್ನು ತೋರಿಸಲು ಕೊಟ್ಟದ್ದನ್ನು ಟಿಕೆಟ್ ಮಾರಲು ಬಳಸಿದರು. ಸ್ಮಿತಾ ಇದರಿಂದ ಬಹಳ ನೊಂದುಕೊಂಡರು, ಬಹಿರಂಗವಾಗಿಯೇ ಆಕ್ಷೇಪಿಸಿದರು. ಅವರು ಬರೀ ನಟಿಯಲ್ಲ; ಮುಂಬಯಿಯಲ್ಲಿ ಮಹಿಳೆಯರ ಪರ ಕೆಲಸ ಮಾಡುವವರ ಜೊತೆ ಓಡಾಡುತ್ತಿದ್ದವರು. ಹೀಗಿರುವಾಗ ತನ್ನದೇ ಮೈ ಗೋಡೆಯ ಮೇಲೆ ಹಾಗೆ ತೂಗುತ್ತಿದ್ದರೆ ಹೇಗಾಗಿರಬೇಡ.

ಅದಾದ ಮೇಲೆ 1982ರಲ್ಲಿ ‘ಶಕ್ತಿ’, ‘ನಮಕ್ ಹಲಾಲ್’. ಅಮಿತಾಭ್ ಬಚ್ಚನ್ ಜೊತೆ ಮಳೆಯಲ್ಲಿ ನೆನೆಯುತ್ತ ಕುಣಿಯುವ ಹಾಡು ದೇಶದ ತುಂಬ ಗೆದ್ದಿತು. ಅವರಿಗೆ ಮಾತ್ರ ಆ ಕುಣಿತ ಒಗ್ಗಲಿಲ್ಲ, ಕಸಿವಿಸಿಪಟ್ಟರು. ಹಾಗಾದರೆ ಒಪ್ಪಿದ್ದೇಕೆ ಎಂದು ಕೇಳುವವರಿದ್ದಾರೆ. ಕಲಾತ್ಮಕ ಚಿತ್ರದಲ್ಲಿ ದುಡ್ಡು ಕಡಿಮೆ ಅನ್ನುವುದು ಒಂದು. ಕಲಾತ್ಮಕ ಚಿತ್ರದ ನಿರ್ದೇಶಕರೇ ಹೆಸರಿರುವ ತಾರೆಯರನ್ನು ಹುಡುಕತೊಡಗಿದ್ದರು ಅನ್ನುವುದು ಇನ್ನೊಂದು. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ರಿಸರ್ಚ್ ಮಾಡಬೇಕೆಂದು ಎಂಟೆಕ್ ಓದಿ, ಗೃಹಸಾಲದ ಕಂತಿಗಾಗಿ ಬ್ಯಾಂಕಿನ ಸಾಫ್ಟ್‌ವೇರ್ ಬರೆಯುತ್ತಿರುವ ನಾನು ಯಾವ ಬಾಯಿಂದ ಹೇಳಲಿ.

ಈಗ ನನ್ನ ಸ್ವಂತ ಕಾರಣ. ಅದರ ಹೆಸರು ‘ಉಂಬರಠಾ’. ಜಬ್ಬಾರ್ ಪಟೇಲರ 1982ರ ಚಿತ್ರ, ಚಿತ್ರಕಥೆ ವಿಜಯ್ ತೆಂಡೂಲ್ಕರ್ ಅವರದು, ಮೂಲ ಶಾಂತಾ ನಿಸಳ್ ಅವರ ಕಾದಂಬರಿ ‘ಬೇಘರ್’. ಉಂಬರಠಾ ಅಂದರೆ ನಮ್ಮ ಹೊಸ್ತಿಲು. ಹೆರಿಗೆ ರಜೆ ಮುಗಿದು ಮತ್ತೆ ಹಿಂಜವಡಿ ಬಸ್ಸು ಹತ್ತಬೇಕಾದ ವಾರ, ಪಕ್ಕದ ಮನೆಯ ಕಾಕೂ ಇದನ್ನು ನೋಡು ಅಂತ ಲಿಂಕ್ ಕಳಿಸಿದರು. ಮಗುವನ್ನು ಮಲಗಿಸಿ, ಲ್ಯಾಪ್‌ಟಾಪಿನ ಸದ್ದು ಸಣ್ಣಗಿಟ್ಟು ನೋಡಿದೆ.

ಸುಲಭಾ ಮಹಾಜನ್ ಓದಿದವಳು, ಅನುಕೂಲಸ್ಥರ ಮನೆಯ ಸೊಸೆ. ಗಂಡ ಸುಭಾಷ್ ವಕೀಲ. ಆ ಪಾತ್ರ ಮತ್ತೆ ಕಾರ್ನಾಡರದೇ. ಅತ್ತೆಯೂ ಸಮಾಜಸೇವೆ ಮಾಡುವವರೇ, ಮನೆಯ ಹತ್ತಿರದಲ್ಲಿ, ಮನೆಯ ಮರ್ಯಾದೆಯೊಳಗೆ. ಸುಲಭಾಳಿಗೆ ದೂರದ ಊರಿನ ಮಹಿಳಾ ಸುಧಾರಣಾ ಗೃಹದಲ್ಲಿ ಮೇಲ್ವಿಚಾರಕಿಯ ಕೆಲಸ ಸಿಗುತ್ತದೆ. ಪುಟ್ಟ ಮಗಳನ್ನು ಓರಗಿತ್ತಿಯ ಹತ್ತಿರ ಬಿಟ್ಟು ಹೋಗುತ್ತಾಳೆ. ಅಲ್ಲಿ ಆಡಳಿತ ಮಂಡಳಿಯ ಹುಳುಕು, ರಾಜಕಾರಣಿಗಳ ಕಾಟ. ಗುದ್ದಾಡಿ ಸೋತು ಕೆಲಸ ಬಿಟ್ಟು ಮನೆಗೆ ಬರುತ್ತಾಳೆ. ಬಂದರೆ ಮಗಳಿಗೆ ಅವಳ ಹತ್ತಿರ ಬರಲು ಸಂಕೋಚ. ಗಂಡನ ಬಾಳಿನಲ್ಲಿ ಇನ್ನೊಬ್ಬ ಹೆಂಗಸು. ಅದನ್ನು ಅವನು ಕೂಗಾಡದೆ, ಸಮಾಧಾನವಾಗಿ, ತಿಳಿಹೇಳುವವನಂತೆ ಹೇಳುತ್ತಾನೆ. ಕಾರ್ನಾಡರು ಆ ಪಾತ್ರವನ್ನು ಕೆಟ್ಟವನನ್ನಾಗಿ ಮಾಡಲಿಲ್ಲ ಎಂಬುದೇ ಹೆಚ್ಚು ಚುಚ್ಚುವುದು. ಸುಲಭಾ ಮತ್ತೆ ಹೊರಡುತ್ತಾಳೆ. ಕೊನೆಯಲ್ಲಿ ರೈಲಿನಲ್ಲಿ ಒಬ್ಬಳೇ ಕೂತಿದ್ದಾಳೆ. ಮುಖದಲ್ಲಿ ಗೆಲುವೂ ಇಲ್ಲ, ಪಶ್ಚಾತ್ತಾಪವೂ ಇಲ್ಲ.

ನನಗೆ ಸಿಟ್ಟು ಬಂತು. ಮಗುವನ್ನು ಬಿಟ್ಟು ಹೇಗೆ ಹೋದಳು ಎಂದು ನಾನೇ, ಸೋಮವಾರದಿಂದ ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಹೋಗಬೇಕಾದ ನಾನೇ, ಬೈದುಕೊಂಡೆ. ಆಮೇಲೆ ಹೊಳೆಯಿತು: ಗಂಡನ ತಪ್ಪಿಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಸೋಮವಾರ ಆಫೀಸಿನಲ್ಲಿ ಐದು ಜನ ನನ್ನನ್ನು ಕೇಳಿದ ಮೊದಲ ಪ್ರಶ್ನೆ, ಮಗೂನ ಯಾರು ನೋಡ್ಕೋತಾರೆ ಅಂತ. ಅದೇ ಫ್ಲೋರಿನಲ್ಲಿ ಅದೇ ತಿಂಗಳು ತಂದೆಯಾದವರೊಬ್ಬರಿದ್ದರು. ಅವರನ್ನು ಕೇಳಿದ್ದು, ಪೇಢೆ ಎಲ್ಲಿ ಅಂತ.

ಸ್ಮಿತಾರ ಬದುಕೂ ಇದೇ ಹೊಸ್ತಿಲಿಗೆ ಬಂದು ನಿಂತಿತು. 1982ರ ‘ಭೀಗೀ ಪಲಕೇಂ’ ಚಿತ್ರದ ಹೊತ್ತಿಗೆ ರಾಜ್ ಬಬ್ಬರ್ ಪರಿಚಯವಾದರು. ಅವರಿಗೆ ಮದುವೆಯಾಗಿತ್ತು, ಇಬ್ಬರು ಮಕ್ಕಳಿದ್ದರು. ಅದೇ ವರ್ಷ ಬಂದ ‘ಅರ್ಥ್’ನಲ್ಲಿ ಸ್ಮಿತಾ ಇನ್ನೊಬ್ಬಳ ಗಂಡನನ್ನು ಪ್ರೀತಿಸಿ ಮನಸ್ಸಿನ ಸ್ಥಿಮಿತ ಕಳೆದುಕೊಳ್ಳುವ ಕವಿತಾ ಆಗಿದ್ದರು. ಪತ್ರಿಕೆಗಳಿಗೆ ಇನ್ನೇನು ಬೇಕು? ನಿನ್ನೆಯವರೆಗೆ ದಿಟ್ಟ ಹೆಣ್ಣಿನ ಮಾದರಿ ಎಂದವರೇ ಮನೆಮುರುಕಿ ಎಂದರು. ಸಮಾಜವಾದಿ ಮನೆಯಲ್ಲಿ ಬೆಳೆಸಿದ ತಾಯಿಗೂ ಈ ಸಂಬಂಧ ಒಪ್ಪಿಗೆಯಿರಲಿಲ್ಲ. ಆ ಇನ್ನೊಬ್ಬ ಹೆಂಡತಿಯ ನೋವೂ ಸುಳ್ಳಲ್ಲ, ಅದನ್ನು ಮರೆಸಿ ಈ ಕಥೆ ಹೇಳಲು ನನಗೆ ಮನಸ್ಸಿಲ್ಲ. ಸ್ಮಿತಾ ತಪ್ಪು ಮಾಡಿದರು ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ನನಗೂ ಕೆಲವೊಮ್ಮೆ ಹಾಗೆ ಅನ್ನಿಸಿದೆ. ಆದರೆ ಬೈಗುಳದಲ್ಲಿ ದೊಡ್ಡ ಪಾಲು ಯಾರ ಮಡಿಲಿಗೆ ಬಿತ್ತು ಎಂಬುದನ್ನೂ ನೋಡಬೇಕು.

1985ರಲ್ಲಿ ಪದ್ಮಶ್ರೀ ಬಂತು. ಮರುವರ್ಷ ಬಸುರಿ. ನವೆಂಬರ್ 28ರಂದು ಗಂಡುಮಗು ಹುಟ್ಟಿತು, ಪ್ರತೀಕ್ ಎಂದು ಹೆಸರಿಟ್ಟರು. ಹೆರಿಗೆಯ ಬೆನ್ನಿಗೇ ಸೋಂಕು, ಜ್ವರ. ಮನೆಯಲ್ಲಿದ್ದವರ ಸ್ಥಿತಿ ಬಿಗಡಾಯಿಸಿ ಮುಂಬಯಿಯ ಜಸ್ಲೋಕ್ ಆಸ್ಪತ್ರೆಗೆ ಸೇರಿಸಿದರು. 1986ರ ಡಿಸೆಂಬರ್ 13ರಂದು ಹೋಗಿಬಿಟ್ಟರು. ಮಗುವಿಗೆ ಹದಿನೈದು ದಿನ. ಅವರಿಗೆ 31 ವರ್ಷ.

ನಮ್ಮ ಕಡೆ ಅಜ್ಜಿಯರು ಇದನ್ನು ಬಾಣಂತಿ ಜ್ವರ ಅನ್ನುತ್ತಿದ್ದರು. ಮಾಸು ಬಿಟ್ಟ ಜಾಗ ಗರ್ಭಕೋಶದೊಳಗೆ ಹಸಿಗಾಯದ ಹಾಗೆ ಇರುತ್ತದೆ. ಅಲ್ಲಿ ಸೋಂಕು ಹತ್ತಿ ರಕ್ತಕ್ಕೆ ಇಳಿದರೆ ಕೆಲವೇ ಗಂಟೆಗಳಲ್ಲಿ ರಕ್ತದೊತ್ತಡ ಕುಸಿದು ಒಂದೊಂದೇ ಅಂಗ ಸೋಲುತ್ತದೆ. 1847ರಲ್ಲಿ ವಿಯೆನ್ನಾದ ಡಾಕ್ಟರ್ ಸೆಮ್ಮೆಲ್‌ವೈಸ್, ಹೆರಿಗೆ ಮಾಡಿಸುವವರು ಕ್ಲೋರಿನ್ ನೀರಿನಲ್ಲಿ ಕೈ ತೊಳೆದರೆ ಸಾಕು, ಬಾಣಂತಿಯರ ಸಾವು ಇಳಿಯುತ್ತದೆ ಎಂದು ತೋರಿಸಿದರು. ಆಮೇಲೆ ಆಂಟಿಬಯಾಟಿಕ್ ಬಂತು. ಆದರೂ ಈ ಕಾಯಿಲೆ ಪೂರ್ತಿ ಹೋಗಿಲ್ಲ. ದೊಡ್ಡ ಊರು, ಒಳ್ಳೆಯ ಆಸ್ಪತ್ರೆ, ನರ್ಸ್ ಆಗಿದ್ದ ತಾಯಿ, ಇಷ್ಟೆಲ್ಲ ಇದ್ದೂ ಸ್ಮಿತಾ ಉಳಿಯಲಿಲ್ಲ. ನಮ್ಮ ವೇದಿಕೆಯಲ್ಲಿ ಹೊಸ ತಾಯಂದಿರು ಬಹಳ ಜನ ಇದ್ದೀರಿ, ಅದಕ್ಕೇ ಹೇಳುತ್ತೇನೆ: ಹೆರಿಗೆಯಾದ ಮೊದಲ ಆರು ವಾರದಲ್ಲಿ ಚಳಿಜ್ವರ, ಕಿಬ್ಬೊಟ್ಟೆಯಲ್ಲಿ ತೀರದ ನೋವು, ವಾಸನೆಯ ಸ್ರಾವ, ಉಸಿರು ಕಟ್ಟುವುದು, ಮಾತು ತಡವರಿಸುವುದು, ಯಾವುದು ಕಂಡರೂ ಕಷಾಯ ಕುಡಿದು ಬೆಳಗಿನತನಕ ಕಾಯಬೇಡಿ. ಮಗುವಿನ ನಿದ್ದೆಗೆ ತೊಂದರೆ ಅಂತಲೂ ನೋಡಬೇಡಿ. ಮನೆಯಲ್ಲಿ ಎಲ್ಲರ ಕಣ್ಣೂ ಕೂಸಿನ ಮೇಲಿರುತ್ತದೆ, ತಾಯಿಯ ಹಣೆ ಮುಟ್ಟಿ ನೋಡಲು ಯಾರಿಗೂ ನೆನಪಾಗುವುದಿಲ್ಲ. ನನಗೂ ಜ್ವರ ಬಂದಿತ್ತು. ನಾನು ಬೇಡ ಅಂದರೂ ಕೇಳದೆ ಅಮ್ಮ ರಾತ್ರಿ ಹನ್ನೊಂದಕ್ಕೆ ಆಟೋ ತರಿಸಿದ್ದರು.

ಸ್ಮಿತಾ ಹೋದ ಮೇಲೂ ಅವರ ಚಿತ್ರಗಳು ಬರುತ್ತಲೇ ಇದ್ದವು. ಹತ್ತು ಹನ್ನೆರಡು ವರ್ಷದ ದುಡಿಮೆಯಲ್ಲಿ ಎಂಬತ್ತರ ಆಸುಪಾಸು ಚಿತ್ರ ಮಾಡಿದವರು, ಬಾಕಿ ಉಳಿಯದೇ ಇರುತ್ತವೆಯೇ? ಕೇತನ್ ಮೆಹ್ತಾ ಅವರ ‘ಮಿರ್ಚ್ ಮಸಾಲಾ’ 1987ರಲ್ಲಿ ತೆರೆಗೆ ಬಂತು. ಸುಬೇದಾರನ ಕಣ್ಣಿಗೆ ಬಿದ್ದ ಸೋನ್‌ಬಾಯಿ ಓಡಿಬಂದು ಮೆಣಸಿನಪುಡಿ ಕಾರ್ಖಾನೆಯಲ್ಲಿ ಅಡಗುತ್ತಾಳೆ. ಇಡೀ ಊರು ಅವಳನ್ನು ಒಪ್ಪಿಸಿಬಿಡು ಅನ್ನುತ್ತದೆ. ಮುದಿ ಕಾವಲುಗಾರ ಬಾಗಿಲು ತೆಗೆಯುವುದಿಲ್ಲ. ಕೊನೆಗೆ ಕೆಲಸದ ಹೆಂಗಸರು ಮೆಣಸಿನಪುಡಿ ತಂದು ಸುಬೇದಾರನ ಮುಖಕ್ಕೆ ಎರಚುತ್ತಾರೆ. ಕುಡುಗೋಲು ಹಿಡಿದು, ಕಣ್ಣು ಮಿಟುಕಿಸದೆ ನಿಂತ ಸೋನ್‌ಬಾಯಿಯ ಮುಖವನ್ನು ಜನ ಥಿಯೇಟರಿನಲ್ಲಿ ನೋಡುವಾಗ ಆ ಮುಖ ಈ ಲೋಕದಲ್ಲಿ ಇರಲಿಲ್ಲ.

ಪ್ರತೀಕನನ್ನು ಬೆಳೆಸಿದ್ದು ವಿದ್ಯಾತಾಯಿ ಮತ್ತು ಶಿವಾಜಿರಾವ್. ಮಗಳ ಆಯ್ಕೆಯನ್ನು ಒಪ್ಪದಿದ್ದ ಆ ತಾಯಿ, ಮಗಳ ಕೂಸನ್ನು ಎತ್ತಿಕೊಂಡು ಮೊದಲಿನಿಂದ ತಾಯ್ತನ ಮಾಡಿದರು. ಅವನೂ ನಟನಾದ. ಈಗ ತನ್ನ ಹೆಸರನ್ನು ಪ್ರತೀಕ್ ಸ್ಮಿತಾ ಪಾಟೀಲ್ ಎಂದು ಬರೆದುಕೊಳ್ಳುತ್ತಾನೆ.

ಒಂದು ಸೂಚನೆ ಮಾಡಿ ಮುಗಿಸುತ್ತೇನೆ. ನಮ್ಮ ಮಾಸಿಕ ಸಭೆಯಲ್ಲಿ ಒಂದು ಸಂಜೆ ‘ಉಂಬರಠಾ’ ಹಾಕೋಣ. ಮರಾಠಿ ನಮಗೆಲ್ಲ ತರಕಾರಿ ಕೊಳ್ಳುವಷ್ಟಾದರೂ ಬರುತ್ತದೆ, ಉಳಿದದ್ದಕ್ಕೆ ಸಬ್‌ಟೈಟಲ್ ಇದೆ. ಗಂಡಂದಿರನ್ನೂ ಕರೆತನ್ನಿ. ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಈ ಸಲ ಅವರೇ ಗುಂಪಿನಲ್ಲಿ ತೀರ್ಮಾನಿಸಲಿ.